ಮಗಳ ಬೆರಳಿನ ಹರಳು

ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಆದರೆ ಅದು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಮಿಕ್ಕ ದಿನ ಆಭರಣದ ಅಂಗಡಿಯ ಒಳಗೂ ಹೊರಗೂ ಅವರು ಭೂತಗನ್ನಡಿ. ವಜ್ರದ ಹರಳಿನ ಹೊಟ್ಟೆಯೊಳಗೆ ಏನಿದೆ ಎಂದು ನೋಡುವ ಆ ಪುಟ್ಟ ಗಾಜು ಅವರ ಬಲಗಣ್ಣಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಒಮ್ಮೆ ಅದನ್ನು ತೆಗೆದಿಟ್ಟು ಊಟಕ್ಕೆ ಹೊರಟಾಗ ಬಾಗಿಲ ಕಾವಲುಗಾರ "ಯಾರು ಬೇಕಿತ್ತು ಸಾರ್?" ಎಂದು ಕೇಳಿದ್ದ.

ಅಂಗಡಿಯ ಹಿಂಬದಿಯಲ್ಲಿ, ಬಿಸಿಲು ನೇರವಾಗಿ ಬೀಳದ ಉತ್ತರದ ಕಿಟಕಿಯ ಕೆಳಗೆ ಅವರ ಮೇಜು. ಮುಂದಿನ ಸೋಫಾದಲ್ಲಿ ಕೂತು ಉಂಗುರ ಆರಿಸುವ ಜೋಡಿಗಳಿಗೆ ಗಾಜಿನ ಗೋಡೆಯಾಚೆಯಿಂದ ಅವರು ಕಾಣುತ್ತಿದ್ದರು. ಹರಳನ್ನು ಚಿಮಟದಲ್ಲಿ ಹಿಡಿದು ಅದರ ಮೇಲೆ ಒಮ್ಮೆ ಉಸಿರು ಬಿಡುವರು. ವಜ್ರವಾದರೆ ಉಸಿರಿನ ಮಂಜು ಮೂಡಿದಷ್ಟೇ ಬೇಗ ಮಾಯ. ಆಮೇಲೆ ಗಾಜಿನಲ್ಲಿ ಒಳಗಿನ ಚುಕ್ಕೆ, ಬಿರುಕು ನೋಡುವರು. ಕೊನೆಗೆ ಮಡಿಸಿದ ಬಿಳಿ ಹಾಳೆಯ ನಡುವೆ ಹರಳನ್ನು ತಲೆಕೆಳಗಾಗಿ ಮಲಗಿಸಿ ಪಕ್ಕದಿಂದ ಬಣ್ಣ ನೋಡುವರು. ಮೇಲಿನಿಂದ ನೋಡಿದರೆ ಎಲ್ಲ ವಜ್ರವೂ ಥಳಥಳ ಎನ್ನುತ್ತದೆ. ಒಳಗಿರುವ ಹಳದಿ ಬಾಯಿ ಬಿಡುವುದು ಹಾಳೆಯ ಮೇಲೆ ಬೋರಲು ಬಿದ್ದಾಗಲೇ. ಒಂದೇ ತೂಕದ ಎರಡು ಹರಳುಗಳಲ್ಲಿ ಒಂದರ ಬೆಲೆ ಸ್ಕೂಟರಿಗೂ ಇನ್ನೊಂದರ ಬೆಲೆ ಕಾರಿಗೂ ಸಮನಾಗುವುದು ಇಷ್ಟೇ ಇಷ್ಟು ಹಳದಿಯಿಂದ. ನಮ್ಮ ನಿಮ್ಮಂಥವರ ಕಣ್ಣಿಗೆ ಎರಡೂ ಒಂದೇ. ಹಾಗಾಗಿಯೇ ನಾವು ಬಾಳೆಹಣ್ಣು ಕೊಂಡರೂ ಮನೆಯಲ್ಲಿ ಬೈಸಿಕೊಳ್ಳುತ್ತೇವೆ.

ಐಬು ಕಂಡರೆ ಭೂತಗನ್ನಡಿಯವರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಮುಂದೆ ಕೂತ ಅಂಗಡಿಯ ಯಜಮಾನರ ಎದೆ ಧಸಕ್ ಎನ್ನುತ್ತಿತ್ತು. ಐಬಿಲ್ಲದಿದ್ದರೆ ಬಾಯಲ್ಲಿ ಒಂದು ಮಾತಿಲ್ಲ. ಗಾಜನ್ನು ಕಣ್ಣಿನಿಂದ ತೆಗೆದು ಅಂಗಿಯ ಅಂಚಿನಿಂದ ಒರೆಸುವರು, ಅಷ್ಟೆ. ಅಂಗಿಯ ಅಂಚು ಅಲುಗಿದ್ದೇ ತಡ, ಯಜಮಾನರು "ಹೋಗೋ, ಇವರಿಗೆ ಜ್ಯೂಸ್ ತಾ" ಎಂದು ಕೂಗುವರು. ಆ ಒರೆಸುವಿಕೆಗೆ ಇದ್ದ ಬೆಲೆ ಯಾವ ಸರ್ಟಿಫಿಕೇಟಿಗೂ ಇರಲಿಲ್ಲ. "ಅವರು ಒರೆಸಿದ್ರಾ?" ಎಂದು ಕೇಳಿಕೊಂಡೇ ಬರುವ ಗಿರಾಕಿಗಳಿದ್ದರು.

ಕಷ್ಟವೆಂದರೆ, ಅವರು ಮನೆಗೆ ಹೋಗುವಾಗ ಗಾಜನ್ನು ಅಂಗಡಿಯಲ್ಲಿ ಬಿಟ್ಟರೂ ಗಂಟಲನ್ನು ಜೊತೆಗೇ ಒಯ್ಯುತ್ತಿದ್ದರು. ಅನ್ನ ಒಂದು ಚೂರು ಮೆತ್ತಗಾದರೆ ಗಂಟಲು. ಪರದೆ ಒಂದು ಬೆರಳು ಓರೆಯಾದರೆ ಗಂಟಲು. ನೆಂಟರ ಮದುವೆಯಲ್ಲಿ ವಧುವನ್ನು ನೋಡಿ ಗಂಟಲು ಸರಿಮಾಡಿಕೊಂಡು ಎರಡು ಮನೆಗಳ ಮಾತು ನಿಂತುಹೋಗಿತ್ತು. ಪಾಪ, ಆವತ್ತು ನಿಜಕ್ಕೂ ನೆಗಡಿಯಾಗಿತ್ತು.

ಹೆಂಡತಿ ಇದನ್ನೆಲ್ಲ ನಕ್ಕು ತಳ್ಳಿಹಾಕುತ್ತಿದ್ದಳು. ಒಂದನ್ನು ಬಿಟ್ಟು.

ಮದುವೆಯಾದ ಹೊಸತರಲ್ಲಿ, ಇನ್ನೂ ಕೆಲಸ ಕಲಿಯುತ್ತಿದ್ದಾಗ, ಅವಳಿಗೊಂದು ಉಂಗುರ ಮಾಡಿಸಿಕೊಟ್ಟಿದ್ದರು. ಅಕ್ಕಿಕಾಳಿನಷ್ಟು ಹರಳು. ಅವಳು ಅದನ್ನು ಹಾಕಿಕೊಂಡೇ ಪಾತ್ರೆ ತಿಕ್ಕುವಳು, ಬಟ್ಟೆ ಒಗೆಯುವಳು, ಪಕ್ಕದ ಮನೆಯವರ ಮುಂದೆ ಸುಮ್ಮಸುಮ್ಮನೆ ಕೂದಲು ಹಿಂದಕ್ಕೆ ತಳ್ಳಿಕೊಳ್ಳುವಳು. ಒಂದು ಭಾನುವಾರ, ಹೊಸ ವಿದ್ಯೆಯ ಹುಮ್ಮಸ್ಸಿನಲ್ಲಿ ಇವರು ಅಂಗಡಿಯಿಂದ ತಂದಿದ್ದ ಗಾಜನ್ನು ಅವಳ ಕಣ್ಣಿಗೆ ಹಿಡಿದರು. "ಇಲ್ನೋಡು, ನಟ್ಟನಡುವೆ. ಕಪ್ಪಗೆ ಚುಕ್ಕೆ ಕಾಣ್ತಾ? ಅಂಚಲ್ಲಿ ಇದ್ದಿದ್ರೆ ಹರಳು ಹಿಡಿಯೋ ಚಿನ್ನದ ಕಾಲಿನ ಕೆಳಗೆ ಮುಚ್ಚಿಬಿಡಬಹುದಿತ್ತು. ನಡುವೆ ಬಂದ್ಬಿಟ್ಟಿದೆ ನೋಡು, ಏನೂ ಮಾಡೋಕಾಗಲ್ಲ."

ಅವಳು ನೋಡಿದಳು. ಗಾಜು ತೆಗೆದು ಬರಿಗಣ್ಣಿನಲ್ಲೂ ನೋಡಿದಳು. ಬರಿಗಣ್ಣಿಗೆ ಅದು ಕಾಣುವುದು ಸಾಧ್ಯವೇ ಇರಲಿಲ್ಲ.

"ಕಾಣಲ್ಲ. ಆದ್ರೆ ಇದೆ ಅಂತ ಗೊತ್ತಾಯ್ತಲ್ಲ" ಎಂದಳು.

ಸಂಜೆಗೆ ಉಂಗುರ ಬೆರಳಿನಿಂದ ಇಳಿದು, ಖಾಲಿಯಾದ ಪೌಡರ್ ಡಬ್ಬಿಯೊಳಗೆ ಸೇರಿತು. "ಒಳ್ಳೇದು ತಂದ್ಕೊಡ್ತೀನಿ ಬಿಡೇ" ಎಂದರು ಭೂತಗನ್ನಡಿಯವರು. ತರಬೇಕೆಂದು ಮನಸ್ಸೂ ಇತ್ತು. ಆದರೆ ಕೈಗೆ ಬಂದ ಪ್ರತಿ ಹರಳಿನಲ್ಲೂ ಒಂದಲ್ಲ ಒಂದು ಸಿಗುತ್ತಿತ್ತು. ಇದರ ಬಣ್ಣ ಕಮ್ಮಿ, ಅದರ ಕಟಿಂಗ್ ಓರೆ, ಇನ್ನೊಂದರಲ್ಲಿ ಗರಿಯಂಥ ಬಿರುಕು. ಇವರು ಹುಡುಕುತ್ತಲೇ ಇದ್ದರು, ಅವಳು ಕಾಯಿಲೆ ಬಿದ್ದಳು, ಹೋಗಿಯೂಬಿಟ್ಟಳು. ಡಬ್ಬಿ ಕಪಾಟಿನಲ್ಲಿ ಉಳಿಯಿತು. ಆಗ ಮಗಳಿಗೆ ಎರಡು ಜಡೆ ಹಾಕುವ ವಯಸ್ಸು. ತಲೆ ಬಾಚಲು ಬಾರದ ಅಪ್ಪ ಬೈತಲೆ ನೇರವಾಗುವವರೆಗೂ ಗಂಟಲು ಸರಿಮಾಡಿಕೊಳ್ಳುತ್ತ, ದಿನವೂ ಶಾಲೆಗೆ ತಡ ಮಾಡಿಸುತ್ತಿದ್ದರು.

ಆ ಮಗಳಿಗೆ ಈಗ ಗಂಡು ಗೊತ್ತಾಗಿತ್ತು. ಅವಳೇ ಗೊತ್ತು ಮಾಡಿಕೊಂಡಿದ್ದಳು. ಹುಡುಗ ಹಲ್ಲುಸೆಟ್ಟು ಮಾಡುವವನು. ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚಿಗೆ ತಕ್ಕಂತೆ ಹಲ್ಲು ತಯಾರಿಸಿ ಕೊಡುವುದು ಅವನ ಕಸುಬು. ಮೊದಲ ಸಲ ಮನೆಗೆ ಬಂದಾಗ ಭೂತಗನ್ನಡಿಯವರು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಅವನು ಇವರ ಬಾಯಿಯನ್ನೇ ನೋಡುತ್ತಿದ್ದ. ಇಬ್ಬರೂ ತಂತಮ್ಮ ಕೆಲಸ ಮಾಡಿಕೊಂಡರು.

ಹೆಂಡತಿಗೆ ಕೊಡಲಾಗದ ಹರಳನ್ನು ಮಗಳ ಬೆರಳಿಗಾದರೂ ಏರಿಸಬೇಕು, ಅದರಲ್ಲಿ ಕೂದಲೆಳೆಯಷ್ಟು ಐಬೂ ಇರಕೂಡದು: ಭೂತಗನ್ನಡಿಯವರು ಮನಸ್ಸಿನಲ್ಲೇ ಇಷ್ಟು ಗಟ್ಟಿ ಮಾಡಿಕೊಂಡರು. ಆ ಡಬ್ಬಿಯೊಳಗಿನದಕ್ಕೆ ಬೇರೆ ಯಾವ ಪರಿಹಾರವೂ ಅವರಿಗೆ ತೋಚಿರಲಿಲ್ಲ.

ಆ ಹೊತ್ತಿಗಾಗಲೇ ಅವರ ಜಗಳವೊಂದು ಅಂಗಡಿಯಲ್ಲಿ ಹಳೆಯದಾಗಿತ್ತು. ಹಾಳೆಯ ಜಗಳ.

"ಈಗಿನ ಹಾಳೆ ಬಿಳಿ ಇರಲ್ಲ ತಂಗೀ. ಕಂಪನಿಯೋರು ಮೋಸ ಮಾಡ್ತಿದಾರೆ" ಎಂದು ಪಕ್ಕದ ಮೇಜಿನವಳ ಬಳಿ ದೂರುತ್ತಿದ್ದರು. ಅವರ ಕೈಕೆಳಗೇ ಕೆಲಸ ಕಲಿತ ಹೆಂಗಸು ಅವಳು. ಇವರನ್ನು ಅಣ್ಣ ಎನ್ನುವಳು.

"ಹೌದಣ್ಣಾ, ಕಾಲ ಕೆಟ್ಟೋಯ್ತು."

"ಟ್ಯೂಬ್‌ಲೈಟೂ ಹಾಗೇ. ಹೊಸದು ಹಾಕಿದ ದಿನಾನೇ ಹಳೇದಾಗಿರತ್ತೆ."

ಯಜಮಾನರು ಟ್ಯೂಬ್‌ಲೈಟು ಬದಲಾಯಿಸಿಕೊಟ್ಟರು. ಹಾಳೆ ಬದಲಾಯಿಸಿಕೊಟ್ಟರು. ಆಮೇಲೆ ಬಣ್ಣ ಅಳೆಯುವ ಯಂತ್ರವೊಂದನ್ನೂ ತಂದಿಟ್ಟರು. ಅದರ ಮೇಲೆ ಭೂತಗನ್ನಡಿಯವರು ತಮ್ಮ ಊಟದ ಡಬ್ಬಿ ಇಡುತ್ತಿದ್ದರು.

ಉಂಗುರ ಕೊಳ್ಳಲು ಹುಡುಗ ಬಂದ ದಿನ ಅಂಗಡಿಗೆ ಅಂಗಡಿಯೇ ಕತ್ತು ಉದ್ದ ಮಾಡಿ ನೋಡಿತು. ಅವನು ಸೋಫಾದಲ್ಲಿ ಕೂರಲಿಲ್ಲ. ನೇರ ಒಳಗೆ ಬಂದು, ಮೇಜಿನ ಪಕ್ಕ ನಿಂತು, ದನಿ ತಗ್ಗಿಸಿ, "ಮಾವ, ಮೊದ್ಲೇ ಹೇಳ್ಬಿಡ್ತೀನಿ. ನನ್ನ ಕೈಲಿ ಸಾಧಾರಣದ್ದೇ ಆಗೋದು. ನೀವು ಮೇಲೆ ಹಾಕಿ ದೊಡ್ಡದು ಮಾಡ್ಬಾರ್ದು" ಎಂದ.

ಭೂತಗನ್ನಡಿಯವರ ಗಂಟಲು ತುರಿಸಿತು. ಆದರೆ ಮಾತು ಸರಿಯಾಗಿತ್ತು, ಐಬು ಹುಡುಕಲಾಗಲಿಲ್ಲ.

"ಕೂತ್ಕೊಳಪ್ಪಾ. ಬೆಲೆ ಅನ್ನೋದು ನಾಲ್ಕು ಕಡೆಯಿಂದ ಎಳೆಯತ್ತೆ. ತೂಕ, ಬಣ್ಣ, ಒಳಗಿನ ಶುದ್ಧಿ, ಕಟಿಂಗ್. ಜನ ತೂಕಕ್ಕೆ ಸಾಯ್ತಾರೆ. ಪೂರ್ತಿ ಒಂದು ಕ್ಯಾರೆಟ್ಟು ಬೇಕು ಅಂತಾರೆ. ಒಂದು ಚೂರು ಕಮ್ಮಿದು ತಗೊಂಡ್ರೆ ಬೆರಳಿಗೇನೂ ಗೊತ್ತಾಗಲ್ಲ, ಬೆಲೆ ಮಾತ್ರ ಇಳಿಯತ್ತೆ. ಕಟಿಂಗಲ್ಲಿ ಮಾತ್ರ ಜಿಪುಣತನ ಬೇಡ. ಕಟಿಂಗ್ ಕೆಟ್ಟಿದ್ರೆ ಬೆಳಕು ಅಡಿಯಿಂದ ಸೋರಿಹೋಗತ್ತೆ, ತೂತು ಬಿಂದಿಗೆ ಥರ."

"ಮತ್ತೆ ಬಣ್ಣ?"

"ಬಣ್ಣ ನನಗೆ ಬಿಡು."

ಸಾಧಾರಣ ಹರಳುಗಳ ಪೊಟ್ಟಣವನ್ನು ತಾವೇ ಹೋಗಿ ತಂದರು. ಪಕ್ಕದ ಮೇಜಿನವಳು "ನಾನು ನೋಡಿ ತೆಗೆದುಕೊಡ್ಲಾ ಅಣ್ಣಾ?" ಎಂದು ಎದ್ದಳು. "ನನ್ನ ಮಗಳ ಉಂಗುರ ತಾಯೀ, ನಾನೇ ನೋಡ್ಬೇಕು" ಎಂದು ಕೂರಿಸಿದರು. ಹಾಳೆಯ ಮೇಲೆ ಹರಳುಗಳನ್ನು ಸುರಿದು, ಒಂದೊಂದನ್ನೇ ಹಿಡಿದು ಗಂಟಲು ಸರಿಮಾಡಿಕೊಳ್ಳುತ್ತ ಹೋದರು. ಒಂದು ಹರಳಿಗೆ ಬಂದಾಗ ಗಂಟಲು ನಿಂತಿತು. ಉಸಿರು ಬಿಟ್ಟರು, ಗಾಜಿನಲ್ಲಿ ನೋಡಿದರು, ಹಾಳೆಯ ಮಡಿಕೆಯಲ್ಲಿ ತಲೆಕೆಳಗಾಗಿ ಮಲಗಿಸಿದರು. ಹರಳೂ ಹಾಳೆಯೂ ಒಂದೇ ಬಣ್ಣ.

"ತಂಗೀ! ಇಂಥ ಬಿಳಿ ಹರಳು ಈ ಪೊಟ್ಟಣಕ್ಕೆ ಹೇಗೆ ಬಂತು?"

ಅವಳು ಯಜಮಾನರ ಕಡೆ ನೋಡಿದಳು. ಯಜಮಾನರು ಚಾವಣಿ ನೋಡಿದರು.

"ತಪ್ಪಿ ಬಿದ್ದಿರ್ಬೇಕಣ್ಣಾ."

"ನಿಮ್ಮ ಯಂತ್ರದ ಕಣ್ಣಿಗೆ ಮಣ್ಣು ಬಿದ್ದಿರ್ಬೇಕು!" ಎಂದು ಭೂತಗನ್ನಡಿಯವರು ಗಹಗಹಿಸಿದರು. ಅವರು ಅಂಗಡಿಯಲ್ಲಿ ನಕ್ಕದ್ದನ್ನು ಬಹಳ ಜನ ಅಂದೇ ಮೊದಲು ಕಂಡದ್ದು.

ಹುಡುಗ ಹರಳನ್ನು ಕೈಗೆ ತೆಗೆದುಕೊಂಡ. ಕಿಟಕಿಯ ಬೆಳಕಿಗೆ ಹಿಡಿದ. ಕನ್ನಡಿಯ ಮುಂದೆ ಹೋಗಿ ತನ್ನ ಮುಂದಿನ ಹಲ್ಲಿನ ಪಕ್ಕವೂ ಒಮ್ಮೆ ಹಿಡಿದು ನೋಡಿದ. ಎಲ್ಲರೂ ನಕ್ಕರು.

"ಚೆನ್ನಾಗಿದೆ ಮಾವ" ಎಂದ. "ಇದೇ ಇರ್ಲಿ."

ಪಕ್ಕದ ಮೇಜಿನವಳು ಮೆಲ್ಲಗೆ, "ಮಾಮೂಲಿ ಚಿನ್ನದಲ್ಲೇ ಕೂರಿಸಿದ್ರೆ ಲಕ್ಷಣವಾಗಿರತ್ತೆ ಅಣ್ಣಾ" ಎಂದಳು.

"ಛೆ! ಹಳದಿ ಚಿನ್ನ ಇರೋದು ಹಳದಿ ಹರಳಿನ ಮಾನ ಮುಚ್ಚೋಕೆ. ಬಿಳಿ ಹರಳಿಗೆ ಬಿಳಿ ಚಿನ್ನವೇ ಆಗ್ಬೇಕು. ನಾನೇ ಕಲಿಸಿದ ಪಾಠ ಮರೆತ್ಯಾ?" ಎಂದು ಗಾಜನ್ನು ಕಣ್ಣಿನಿಂದ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಹರಳು ಕೂರಿಸುವ ಅಕ್ಕಸಾಲಿಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಉಂಗುರ ಮುಗಿಯುವವರೆಗೂ ಅಲ್ಲಿಂದ ಕದಲಲಿಲ್ಲ.

ನಿಶ್ಚಿತಾರ್ಥದ ದಿನ ಮನೆಯಲ್ಲಿ ಸೇರಿದವರಿಗೆಲ್ಲ ಹರಳಿನ ಕಥೆ ಹೇಳಿದ್ದೇ ಹೇಳಿದ್ದು. ಸಾಧಾರಣ ಪೊಟ್ಟಣದಲ್ಲಿ ಯಾರ ಕಣ್ಣಿಗೂ ಬೀಳದೆ ಬಿದ್ದಿತ್ತಂತೆ, ಇವರ ಕೈಗೆ ಬಂತಂತೆ. ಕಥೆ ಮೂರನೇ ಸುತ್ತಿಗೆ ಬರುವಾಗ ಮಗಳ ಸೋದರತ್ತೆ "ಅಯ್ಯೋ, ಊಟ ಆರಿಹೋಗತ್ತೆ ಕಣೋ" ಎಂದು ರೇಗಿದಳು. ಮಗಳು ಮಾತ್ರ ಪ್ರತಿಸಲವೂ ಹೊಸದಾಗಿ ಕೇಳುವವಳಂತೆ ಕೇಳಿಸಿಕೊಂಡಳು. ಪಾತ್ರೆ ತೊಳೆಯುವಾಗಲೂ ಉಂಗುರ ತೆಗೆಯಲಿಲ್ಲ. ಅವಳು ಒದ್ದೆ ಕೈಯಿಂದ ಕೂದಲು ಹಿಂದಕ್ಕೆ ತಳ್ಳಿಕೊಂಡದ್ದನ್ನು ನೋಡಿ ಭೂತಗನ್ನಡಿಯವರು ಎದ್ದು ಹಿತ್ತಲ ಕಡೆ ಹೋದರು.

ಕೆಲವು ವಾರ ಕಳೆದು, ಮದುವೆಗಿನ್ನೂ ದಿನವಿರುವಾಗ, ಅವರು ಬೆಳಗಿನ ಕಾಫಿಗೆ ಸಕ್ಕರೆಯೆಂದು ಉಪ್ಪು ಹಾಕಿಕೊಂಡರು. ಹಾಕಿಕೊಂಡದ್ದಲ್ಲದೆ, ಉಪ್ಪಿನ ಡಬ್ಬಿಯನ್ನು ಯಾರು ಇಲ್ಲಿಟ್ಟರೆಂದು ಗಂಟಲು ಸರಿಮಾಡಿಕೊಂಡರು. ಮಗಳು ಅವರನ್ನು ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

"ಪೊರೆ ಬಲಿತುಬಿಟ್ಟಿದೆ" ಎಂದರು ಡಾಕ್ಟರು. "ಇಷ್ಟು ದಿನ ಕಂದು ಬಣ್ಣದ ಗಾಜಿನೊಳಗಿಂದ ಜಗತ್ತು ನೋಡ್ತಿದ್ರಿ. ಕೆಲಸ ಏನು ಮಾಡ್ತೀರಿ?"

"ಸುಮ್ನೆ, ಒಂದು ಅಂಗಡೀಲಿ" ಎಂದರು ಭೂತಗನ್ನಡಿಯವರು. ಮಗಳು ಆಶ್ಚರ್ಯದಿಂದ ಅಪ್ಪನ ಮುಖ ನೋಡಿದಳು.

ಬಲಗಣ್ಣಿನ ಆಪರೇಷನ್ ಆಯಿತು. ಮಾರನೆಯ ದಿನ ಪಟ್ಟಿ ಬಿಚ್ಚಿದರು. ಮೊದಲು ಗೋಡೆ ಕಂಡಿತು. ಸುಣ್ಣದ ಗೋಡೆ ಇಷ್ಟು ಬಿಳಿ ಇರುತ್ತದೆಂಬುದೇ ಅವರಿಗೆ ಮರೆತುಹೋಗಿತ್ತು. ನರ್ಸಮ್ಮನ ಬಟ್ಟೆ ಬೆಳಕಿನಂತಿತ್ತು. ತಮ್ಮದೇ ಬನಿಯನ್ ನೋಡಿ, ಇದನ್ನು ಹಾಕಿಕೊಂಡು ನಾನು ಜನರ ಮುಂದೆ ಮಲಗಿದ್ದೆನೇ ಎಂದು ನಾಚಿಕೆಯಾಯಿತು. ಹಾಳೆಯ ಕಂಪನಿಯವರು ಜ್ಞಾಪಕಕ್ಕೆ ಬಂದರು. ನಗುವೂ ಬಂತು.

"ತಲೆ ಎತ್ತಪ್ಪಾ, ಹನಿ ಹಾಕ್ಬೇಕು" ಎಂದು ಮಗಳು ಮುಖದ ಮೇಲೆ ಬಗ್ಗಿದಳು. ಔಷಧಿ ಹಿಡಿದ ಅವಳ ಕೈ ಹೊಸ ಕಣ್ಣಿನ ಹತ್ತಿರಕ್ಕೆ, ಗೇಣಿಗಿಂತ ಹತ್ತಿರಕ್ಕೆ ಬಂತು. ಬಿಳಿ ಚಿನ್ನದ ನಡುವೆ ಹರಳು. ಓರೆಯಾಗಿ, ಪಕ್ಕದಿಂದ, ಹೇಗೆ ನೋಡಬೇಕೋ ಹಾಗೆಯೇ ಕಂಡಿತು.

ಹಳದಿ. ಚಹಾ ಕುಡಿದ ಲೋಟಕ್ಕೆ ನೀರು ಹಾಕಿದಾಗ ಉಳಿಯುವಷ್ಟು. ಜಗತ್ತಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನರಿಗೆ ಕಾಣದಷ್ಟು.

ಅವರು ಕಣ್ಣು ಮುಚ್ಚಿಕೊಂಡರು.

"ಉರೀತಾ ಅಪ್ಪಾ?"

"ಹ್ಞೂಂ, ಸ್ವಲ್ಪ."

ಅಂಗಡಿಗೆ ಹೋಗಲು ಡಾಕ್ಟರು ಅಪ್ಪಣೆ ಕೊಟ್ಟ ದಿನ ಎಲ್ಲರಿಗಿಂತ ಮೊದಲು ಹೋದರು. ಹಾಳೆ ಮಡಿಸಿದರು. ಹಾಳೆ ಹಾಲಿನಂತಿತ್ತು. ಹಿಂದೆ ತಾವು ಒಪ್ಪಿದ್ದ ಹರಳುಗಳ ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರು. ಎಲ್ಲವೂ ಬಿಳಿ. ಒಂದೂ ತಪ್ಪಿರಲಿಲ್ಲ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಎಲ್ಲ ಸರಿಯಿದ್ದು ಅದೊಂದು ಮಾತ್ರ ಹೇಗೆ ತಪ್ಪಿತು?

ಪಕ್ಕದ ಮೇಜಿನವಳು ಬಂದು ಬ್ಯಾಗು ಇಡುತ್ತಿದ್ದ ಹಾಗೇ ಕೇಳಿದರು: "ತಂಗೀ, ಇವನ್ನ ಯಾರು ಆರಿಸಿದ್ದು?"

"ನೀವೇ ಅಣ್ಣಾ."

"ನನ್ನ ಮುಖ ನೋಡಿ ಹೇಳು."

ಅವಳು ಕೂತಳು. ಬ್ಯಾಗಿನ ಜಿಪ್ಪು ಎಳೆದಳು, ಬಿಟ್ಟಳು. "ನಿಮ್ಮ ಮುಂದೆ ಇಡೋಕೆ ಮೊದ್ಲು ನಾನೊಂದ್ಸಲ ನೋಡಿರ್ತಿದ್ದೆ. ಸರಿಯಿದ್ದದ್ದನ್ನೇ ಇಡ್ತಿದ್ದೆ. ನೀವು ಬೇಡ ಅಂದಿದ್ದನ್ನ ನೀವು ಹೋದ್ಮೇಲೆ ವಾಪಸ್ ಸೇರಿಸ್ತಿದ್ದೆ."

"ಯಾವಾಗಿಂದ?"

"ನೀವು ಹಾಳೆ ಸರಿಯಿಲ್ಲ ಅಂತ ಜಗಳ ಶುರು ಮಾಡಿದ್ರಲ್ಲ, ಆವಾಗಿಂದ."

ಅಷ್ಟರಲ್ಲಿ ಯಜಮಾನರೂ ಬಂದು ನಿಂತಿದ್ದರು. "ಯಾರು ಹೇಳೋದು ನಿಮಗೆ? ನಾನು ಹೇಳೋಣ ಅಂತ ಎಷ್ಟೋ ಸಲ ಬಂದೆ. ಬಂದಾಗೆಲ್ಲ ನೀವು ನನ್ನ ಅಂಗಿ ಗುಂಡಿ ಓರೆಯಾಗಿದೆ ಅಂತ ತೋರಿಸ್ತಿದ್ರಿ. ಹಾಗೇ ವಾಪಸ್ ಹೋಗ್ತಿದ್ದೆ."

ಭೂತಗನ್ನಡಿಯವರಿಗೆ ಲೆಕ್ಕ ಅರ್ಥವಾಯಿತು. ಇಷ್ಟು ಕಾಲ ತಾವು ಗಾಜಿನ ಗೋಡೆಯ ಹಿಂದೆ ಅಂಗಿಯ ಅಂಚು ಆಡಿಸುವ ಬೊಂಬೆಯಾಗಿದ್ದರು. ಊರವರ ಹೆಣ್ಣುಮಕ್ಕಳ ಬೆರಳಿಗೆಲ್ಲ ಸರಿಯಾದ ಹರಳೇ ಹೋಗಿತ್ತು. ಅವರ ಕಣ್ಣೊಂದನ್ನೇ ನಂಬಿ ಹೊರಗೆ ಹೋದದ್ದು ಒಂದೇ ಒಂದು ಹರಳು.

"ಅದೇ ಅಳತೇದು, ಬಿಳೀದು ಒಂದು ಕೊಡಿ" ಎಂದರು. "ನನ್ನ ಲೆಕ್ಕಕ್ಕೆ ಬರ್ಕೊಳ್ಳಿ." ಯಜಮಾನರು ಲೆಕ್ಕದ ಪುಸ್ತಕ ತೆಗೆದರು. ಪಕ್ಕದ ಮೇಜಿನವಳೇ ಆರಿಸಿ ಹಾಳೆಯಲ್ಲಿ ಮಡಿಸಿಕೊಟ್ಟಳು. ಪೊಟ್ಟಣವನ್ನೂ ಗಾಜನ್ನೂ ಅಂಗಿಯ ಜೇಬಿನಲ್ಲಿಟ್ಟುಕೊಂಡು ಮಧ್ಯಾಹ್ನಕ್ಕೇ ಮನೆಗೆ ಹೊರಟರು. ಪಾಲಿಷ್ ಮಾಡಿಸಿಕೊಡುತ್ತೇನೆಂದು ಉಂಗುರ ಇಸಿದುಕೊಳ್ಳುವುದು, ಹರಳು ಬದಲಾಯಿಸಿ ತರುವುದು. ಸುಳ್ಳು ಸರಿಯಾಗಿದೆಯೇ ಎಂದು ದಾರಿಯುದ್ದಕ್ಕೂ ತಿರುಗಿಸಿ ತಿರುಗಿಸಿ ನೋಡಿದರು.

ಗೇಟಿನ ಹತ್ತಿರ ಹುಡುಗ ಸ್ಕೂಟರು ಒರೆಸುತ್ತಿದ್ದ. ಅವನೂ ಮಗಳೂ ಮದುವೆಯ ಬಟ್ಟೆ ತರಲು ಹೊರಟಿದ್ದರು. ಇವರ ಕೈ ಪದೇಪದೇ ಜೇಬಿಗೆ ಹೋಗುವುದನ್ನು ಅವನು ನೋಡಿದ.

"ಜೇಬಲ್ಲಿ ಹರಳು ತಂದಿದೀರಾ ಮಾವ?"

ಭೂತಗನ್ನಡಿಯವರು ಜೇಬಿನಿಂದ ಕೈ ತೆಗೆದರು.

"ನಿಮಗೆ ಕಣ್ಣು ಬಂದ ದಿನಾನೇ ಅಂದ್ಕೊಂಡೆ, ಇದು ಆಗತ್ತೆ ಅಂತ." ಅವನು ಬಟ್ಟೆಯನ್ನು ಹ್ಯಾಂಡಲಿಗೆ ಸುತ್ತಿದ. "ನನ್ನ ಕೆಲಸ ಏನು ಹೇಳಿ? ಒಬ್ಬೊಬ್ಬರ ಬಾಯಿಗೆ ಯಾವ ಬಿಳಿ ಹೊಂದತ್ತೆ ಅಂತ ನೋಡೋದು. ಆವತ್ತೇ ಕಂಡಿತ್ತು ನನಗೆ."

"ಕಂಡೂ ಚೆನ್ನಾಗಿದೆ ಅಂದ್ಯಾ?"

"ಸಾಧಾರಣದ್ದು ಅಂತ ಕೇಳಿದ್ದೆ, ಸಾಧಾರಣದ ಬೆಲೆ ಕೊಟ್ಟೆ. ನನಗೇನೂ ಮೋಸ ಆಗಿಲ್ಲ. ನೀವು ಅಷ್ಟು ಸಂತೋಷವಾಗಿದ್ರಿ... ಅವಳಿಗೆ ಗೊತ್ತಿಲ್ಲ ಮಾವ. ಬದಲಾಯಿಸಬೇಡಿ. ಅವಳು ದಿನಾ ಮುಟ್ಟಿ ಮುಟ್ಟಿ ನೋಡ್ತಾಳೆ, ಗೊತ್ತಾಗಿಬಿಡತ್ತೆ. ಗೊತ್ತಾದ್ರೆ ಯಾಕೆ ಅಂತ ಹೇಳ್ಬೇಕಾಗತ್ತೆ."

ಅಷ್ಟರಲ್ಲಿ ಮಗಳು ಬಾಗಿಲಿಗೆ ಬಂದಳು. "ಇಷ್ಟು ಬೇಗ ಬಂದ್ಯಾ? ಒಳ್ಳೇದಾಯ್ತು ಬಾ. ಹೊಸ ಕಣ್ಣು ಬಂದು ಇಷ್ಟು ದಿನವಾಯ್ತು, ನನ್ನ ಉಂಗುರ ಒಂದ್ಸಲನಾದ್ರೂ ನೋಡಿದ್ಯಾ? ಎಲ್ಲಿ ನಿನ್ನ ಗಾಜು? ನೋಡಿ ಹೇಳು."

ನಡುಮನೆಯ ಕಿಟಕಿಯ ಬಳಿ ಕೂರಿಸಿ ಕೈ ಚಾಚಿದಳು. "ಐಬಿದ್ರೆ ಹೇಳ್ಬಿಡು ಮತ್ತೆ. ನಾನೇನು ಅಮ್ಮನ ಥರ ಡಬ್ಬೀಲಿ ಹಾಕಿಡಲ್ಲ" ಎಂದು ನಕ್ಕಳು. ನಕ್ಕರೂ ಬೆರಳು ಒಂದಿಷ್ಟು ಒಳಕ್ಕೆ ಮಡಿಚಿಕೊಂಡಿತು.

ಅವರು ಗಾಜು ಸಿಕ್ಕಿಸಿಕೊಂಡರು. ಹರಳಿನ ಮೇಲೆ ಉಸಿರು ಬಿಟ್ಟರು. ಮಂಜು ಹೋಯಿತು, ಹಳದಿ ಉಳಿಯಿತು. ಅಂಚಿನಲ್ಲಿ ಗರಿಯಂಥ ಬಿರುಕೂ ಒಂದಿತ್ತು. ಅದನ್ನೂ ಅಂದು ಕಂಡಿರಲಿಲ್ಲ. ಗಂಟಲಲ್ಲಿ ಬಂದು ಕೂತದ್ದನ್ನು ನುಂಗಿದರು. ಅದು ಸುಲಭಕ್ಕೆ ಇಳಿಯಲಿಲ್ಲ. ಮತ್ತೊಮ್ಮೆ ನುಂಗಿದರು. ಆಮೇಲೆ ಗಾಜನ್ನು ಕಣ್ಣಿನಿಂದ ತೆಗೆದು, ಅಂಗಿಯ ಅಂಚು ಹಿಡಿದು ಒರೆಸತೊಡಗಿದರು. ತಲೆ ಎತ್ತದೆ, ಬಹಳ ಹೊತ್ತು ಒರೆಸಿದರು.

"ನೋಡಿದ್ಯಾ, ಒರೆಸಿದ್ರು!" ಎಂದು ಮಗಳು ಬಾಗಿಲ ಕಡೆ ಕೂಗಿದಳು. ಹುಡುಗ ಅಲ್ಲೇ ನಿಂತಿದ್ದ. "ಕಣ್ಣಲ್ಲಿ ನೀರು ಬರ್ತಿದೆಯಲ್ಲಪ್ಪಾ. ಹನಿ ಹಾಕ್ಲಾ?"

"ಡಾಕ್ಟರು ಹೇಳಿದಾರೆ, ಬರತ್ತೆ ಅಂತ. ನೀವು ಹೊರಡಿ, ಅಂಗಡಿ ಮುಚ್ಚಿಬಿಡ್ತಾರೆ" ಎಂದರು. ಮಧ್ಯಾಹ್ನಕ್ಕೆ ಯಾವ ಅಂಗಡಿಯೂ ಮುಚ್ಚುವುದಿಲ್ಲವೆಂದು ಮಗಳು ಹೇಳುವಷ್ಟರಲ್ಲಿ ಹುಡುಗ ಸ್ಕೂಟರು ಚಾಲು ಮಾಡಿದ್ದ.

ಸದ್ದು ತಿರುವಿನಲ್ಲಿ ಮರೆಯಾದ ಮೇಲೆ ಭೂತಗನ್ನಡಿಯವರು ಕಪಾಟು ತೆಗೆದರು. ಪೌಡರ್ ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು. ತೆರೆದಾಗ, ಇಷ್ಟು ವರ್ಷದ ಮೇಲೂ ತೆಳುವಾಗಿ ಪೌಡರಿನ ವಾಸನೆ ಬಂತು. ಉಂಗುರವನ್ನು ಕಿಟಕಿಗೆ ತಂದು ಉಸಿರು ಬಿಟ್ಟು, ಹೊಸ ಕಣ್ಣಿಗೆ ಗಾಜು ಸಿಕ್ಕಿಸಿ ನೋಡಿದರು. ಚುಕ್ಕೆ ಇತ್ತು. ನಟ್ಟನಡುವೆಯೇ ಇತ್ತು. ಆದರೆ ಇಷ್ಟೇನಾ ಎನ್ನುವಷ್ಟು ಸಣ್ಣದಿತ್ತು. ಹುಡುಕಿದರೆ ಮಾತ್ರ ಸಿಗುವಂಥದು.

ಕಿರುಬೆರಳಿಗೆ ಹಾಕಿ ನೋಡಿದರು. ಗೆಣ್ಣಿನ ಹತ್ತಿರವೇ ನಿಂತಿತು. ಅದನ್ನು ಕಳಚಿ ಅಂಗೈಯಲ್ಲಿ ಇಟ್ಟುಕೊಂಡು, ಗಾಜನ್ನು ಕಣ್ಣಿನಿಂದ ತೆಗೆದು, ಅಂಗಿಯ ಅಂಚನ್ನು ಮತ್ತೆ ಹೊರಗೆ ಎಳೆದು, ಮೆಲ್ಲಗೆ ಒರೆಸಿದರು. ಒರೆಸಿ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.